ಆರಕ್ಕೆ ಬಂದ್ ಆಗುವ ಕರ್ನಲ್

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಸೆಂಟರಿನಲ್ಲಿ ಉಳಿದ ಎಂಟಕ್ಕೂ ಆಧಾರವಾದ ದೊಡ್ಡ ಕಂಪ್ಯೂಟರು ದಿನಾ ಸಂಜೆ ಆರಕ್ಕೆ ತಾನಾಗಿಯೇ ಬಂದ್ ಆಗುತ್ತಿತ್ತು. ಹುಡುಗರು ಟೈಪ್ ಮಾಡಿದ್ದೆಲ್ಲ ಅದರ ಜೊತೆ ಹೋಗುತ್ತಿತ್ತು. ಅನುಮಾನವೆಲ್ಲ ಮೇಷ್ಟ್ರು ಗವಿಸಿದ್ದೇಶನ ಮೇಲೆ. ಯಂತ್ರದೊಳಗೆ ಕೂತು ಎಲ್ಲ ಕೆಲಸ ಮಾಡಿಸುವ ಕರ್ನಲ್ ಎಂಬ ಮೂಲ ಪ್ರೋಗ್ರಾಮನ್ನು ಅವನೇ ಕೈಯಾರೆ ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸಿ, ಕೂರಿಸಿದ್ದ. ಇದು 2009ರ ಮಾತು.

“ಇವತ್ತೂ ಕಾರಣ ಸಿಗಲಿಲ್ಲಂದ್ರ ನಿನ್ನ ಕರ್ನಲ್ಲೂ ಬ್ಯಾಡ, ನೀನೂ ಬ್ಯಾಡ,” ಎಂದರು ಮಾಲೀಕ ಶಿವಯೋಗಪ್ಪ.

ಕರ್ನಲ್ ಯಾವ ಗಳಿಗೆಯಲ್ಲಿ ಏನು ಮಾಡಿತೆಂದು ಬರೆದಿಡುವ ಟ್ರೇಸಿಂಗ್ ಎಂಬ ಸೌಲಭ್ಯವಿದೆ. ಅದನ್ನು ಹಾಕಲು ಹೋದಾಗಲೇ ಗವಿಸಿದ್ದೇಶನಿಗೆ ನೆನಪಾಯಿತು, ಕರ್ನಲ್ ಹಗುರಾಗಲಿ ಎಂದು ಅದನ್ನು ತಾನೇ ಕಿತ್ತುಹಾಕಿದ್ದು. ಬೆಳಗ್ಗೆ ಎಂಟಕ್ಕೆ ಮತ್ತೆ ಕಂಪೈಲ್ ಶುರು ಮಾಡಿದ. ಒಂಬತ್ತೂವರೆಗೆ ಕರೆಂಟ್ ಹೋಯಿತು. ಬಂದ ಮೇಲೆ ಇನ್ನೊಮ್ಮೆ ಶುರು ಮಾಡಿದ.

ಪಕ್ಕದ ಖಾನಾವಳಿಯ ಹಂಪಕ್ಕ ಬಂದು, ಪರದೆಯ ಮೇಲೆ ಸರಸರ ಓಡುವ ಸಾಲುಗಳನ್ನು ನೋಡಿದಳು.

“ತಮ್ಮಾ, ಇದಕ್ಕ ದೃಷ್ಟಿ ಆಗೈತಿ.”

ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಂಪ್ಯೂಟರಿನ ಡಬ್ಬಿಗೆ ಕಟ್ಟಿಯೇಬಿಟ್ಟಳು. ಗವಿಸಿದ್ದೇಶನಿಗೆ ಬೇಡ ಎನ್ನುವ ಧೈರ್ಯವಾಗಲಿಲ್ಲ. ಅವನ ಮಧ್ಯಾಹ್ನದ ರೊಟ್ಟಿ ಅವಳಲ್ಲೇ.

ಒಂದು ಗಂಟೆಗೆ ಟ್ರೇಸಿಂಗ್ ಓಡತೊಡಗಿತು. ಆ ಕಂಪ್ಯೂಟರಿನ ಯಾವ ಗುಂಡಿ ಎಷ್ಟು ಹೊತ್ತಿಗೆ ಒತ್ತಿದ್ದು ಎಂಬುದೂ ಡಿಸ್ಕಿಗೆ ಇಳಿಯುತ್ತಿತ್ತು. ಅವನಿಗೆ ಅರ್ಧ ಜೀವ ಬಂದಂತಾಯಿತು.

ಆರಕ್ಕೆ ಶಿವಯೋಗಪ್ಪ ದೀಪ ಹಚ್ಚಿದರು. ಹುಡುಗರು, ಮೇಷ್ಟ್ರು ಎಲ್ಲ ಎದ್ದು ನಿಂತು ಕಣ್ಣು ಮುಚ್ಚಿ ಕೈ ಮುಗಿದರು. ಅಲ್ಲಿಯ ಪದ್ಧತಿ ಅದು. ಕಣ್ಣು ಬಿಡುವಷ್ಟರಲ್ಲಿ ಕಂಪ್ಯೂಟರು ಬಂದ್ ಆಗಿತ್ತು.

ಗವಿಸಿದ್ದೇಶ ಮತ್ತೆ ಚಾಲೂ ಮಾಡಿ ಟ್ರೇಸ್ ತೆರೆದ. ಕೊನೆಯ ಸಾಲು: ಆರು ಗಂಟೆ ನಾಲ್ಕು ನಿಮಿಷ, ಪವರ್ ಗುಂಡಿ ಒತ್ತಲಾಗಿದೆ. ಡಬ್ಬಿಯ ಕಡೆ ನೋಡಿದ. ಅದರ ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ನಟ್ಟನಡುವೆ ಪವರ್ ಗುಂಡಿ.

“ಸರ, ತಪ್ಪು ಕರ್ನಲ್‌ದಲ್ಲ. ನೀವು ವಿಭೂತಿ ಸ್ವಲ್ಪ ಒತ್ತಿ ಹಚ್ಚತೀರಿ.”

ಶಿವಯೋಗಪ್ಪ ತಮ್ಮ ಬೆಳ್ಳಗಿನ ಬೆರಳುಗಳನ್ನು ಬಹಳ ಹೊತ್ತು ನೋಡಿಕೊಂಡರು.

“ಊಟಾನೂ ಬಿಟ್ಟು ಹುಡುಕೀನಿ ಸರ,” ಎಂದು ಗವಿಸಿದ್ದೇಶ ಸೇರಿಸಿದ. ಸೇರಿಸಬಾರದಿತ್ತು.

ಶಿವಯೋಗಪ್ಪ ಕನ್ನಡಕ ಹಾಕಿಕೊಂಡು ಪರದೆಗೆ ಬಗ್ಗಿದರು. “ಹಂಗಾರ ಒಂದೂಕಾಲಿಂದ ಮೂರರ ತನಕ ಒಂದು ಗುಂಡಿನೂ ಒತ್ತಿಲ್ಲಲ್ಲೋ?”

ಆ ಹೊತ್ತಿನಲ್ಲಿ ಅವನು ನಾಲ್ಕು ರೊಟ್ಟಿ ಮುಗಿಸಿ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ.

“ನನ್ನ ಬೆರಳಿನ ಸುದ್ದಿ ನೀ ಹೇಳಬ್ಯಾಡ, ನಿನ್ನ ನಿದ್ದಿ ಸುದ್ದಿ ನಾ ಹೇಳಂಗಿಲ್ಲ,” ಎಂದರು ಮೆಲ್ಲಗೆ. “ನಾಳಿಗೆ ಬಾ.”

ಕೆಲಸ ಉಳಿಯಿತು. ಗವಿಸಿದ್ದೇಶ ಉಸಿರು ಬಿಡುವಷ್ಟರಲ್ಲಿ ಹಂಪಕ್ಕ ಒಳಗೆ ಬಂದಳು.

“ರಿಪೇರಿ ಆತಾ ತಮ್ಮಾ? ಏನಾಗಿತ್ತು?”

ಶಿವಯೋಗಪ್ಪ ಅವನ ಮುಖ ನೋಡಿದರು.

“ದೃಷ್ಟಿನ ಆಗಿತ್ತಕ್ಕ,” ಎಂದ ಗವಿಸಿದ್ದೇಶ. “ನಿಂಬಿಹಣ್ಣಿಂದ ಆರಾಮಾತು.”

ಆ ವಾರದಿಂದ ಸೆಂಟರಿನ ಒಂಬತ್ತೂ ಕಂಪ್ಯೂಟರಿಗೆ ಪ್ರತಿ ಮಂಗಳವಾರ ಹೊಸ ನಿಂಬೆಹಣ್ಣು ಬಂದವು. ಹಳೆಯವನ್ನು ಬಿಚ್ಚಿ ಎಸೆಯುವ ಕೆಲಸ ಕರ್ನಲ್ ಮೇಷ್ಟ್ರದು.