ಗೋಡೆ ಕಡೆ ತಿರುಗಿದ ತಲೆನೋವು

ಸೊಣ್ಣಪ್ಪ: ನಾನು ಕೇಳ್ತಾ ಇರೋದು ಒಂದೇ ಮಾತು. ನೋವಿರೋದು ತಲೇಲಿ. ಕತ್ತು ಇಡಿಯೋರ ತಾವ ಯಾಕೆ ಬಂದಿದ್ದೀವಿ?

ಮುನಿನಾರಾಯಣಮ್ಮ: ಆಸ್ಪತ್ರೆ ಡಾಕ್ಟ್ರು ಅಂದಿದ್ದು ನಿನ್ ಕಿವಿಗೆ ಬೀಳ್ಲಿಲ್ವಾ? ಬಿ.ಪಿ. ನೋಡಿದ್ರು, ಕಣ್ಣು ನೋಡಿದ್ರು. ಇದು ಕತ್ತಿಂದ ಬತ್ತಾ ಇರೋ ತಲೆನೋವು, ಫಿಜಿಯೋತೆರಪಿಗೆ ಓಗಮ್ಮ ಅಂದ್ರು.

ಸೊಣ್ಣಪ್ಪ: ಕತ್ತಿಂದ ತಲೆಗೆ ನೋವು ಎಂಗೆ ಏರ್ತದೆ? ಏಣಿ ಇಕ್ಕವ್ರಾ?

ಮುನಿನಾರಾಯಣಮ್ಮ: ನಿನ್ ಮಾತು ಬಾಯಿಂದ ಬಂದು ನನ್ ತಲೆಗೆ ಏರಲ್ವಾ? ಅಂಗೇ.

ಬೂದಿಕೋಟೆ ಬಸ್ಸಿನಲ್ಲಿ ಶುರುವಾದ ಜಗಳ ಬಂಗಾರಪೇಟೆಯಲ್ಲಿ ಇಳಿದು, ಸ್ಟೇಷನ್ ರಸ್ತೆ ದಾಟಿ, ಬಟ್ಟೆ ಅಂಗಡಿಯ ಮೇಲಿದ್ದ ಕ್ಲಿನಿಕ್ಕಿನ ಮೆಟ್ಟಿಲನ್ನೂ ಹತ್ತಿ ಒಳಗೆ ಬಂದಿತ್ತು. ಗಂಡ ಹೆಂಡತಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಕೆಲವು ತಿಂಗಳಿಂದ ಮುನಿನಾರಾಯಣಮ್ಮನಿಗೆ ತಲೆಯ ಒಂದೇ ಪಕ್ಕ ನೋವು. ಕಳೆದ ವಾರ ಹಾಲು ಕರೆಯುತ್ತಿದ್ದವಳು ಚೊಂಬು ಬಿಟ್ಟು ಹಣೆ ಹಿಡಿದುಕೊಂಡು ಕೊಟ್ಟಿಗೆಯಲ್ಲೇ ಕುಸಿದು ಕೂತಿದ್ದಳು. ಫಿಜಿಯೋಥೆರಪಿಸ್ಟ್ ರಾಧಾಮಣಿ ಉರಿಗಾಂನಿಂದ ದಿನಾ ರೈಲಿನಲ್ಲಿ ಬಂದುಹೋಗುವ ಹುಡುಗಿ. ಅವಳು ಇಬ್ಬರನ್ನೂ ಕೂರಿಸಿದಳು.

ರಾಧಾಮಣಿ: ಹೇಳಿ ಅಮ್ಮಾ, ನೋವು ಎಲ್ಲಿಂದ ಶುರು ಆಗುತ್ತೆ?

ಸೊಣ್ಣಪ್ಪ: ಅಡಿಗೆಮನೆಯಿಂದ ಮೇಡಮ್. ಆಮೇಲೆ ಪಡಸಾಲೆಗೆ ಬತ್ತದೆ.

ರಾಧಾಮಣಿ: ಅಯ್ಯಾ, ತಲೆನೋವು ಯಾರಿಗೆ?

ಮುನಿನಾರಾಯಣಮ್ಮ: ನೋವು ನನ್ಗೆ ಕಣಮ್ಮ. ವರದಿ ಒಪ್ಸೋದು ಮಾತ್ರ ಈವಯ್ಯ.

ರಾಧಾಮಣಿ: ನೀವೇ ಹೇಳಿ. ಏನು ಮಾಡಿದ್ರೆ ಜಾಸ್ತಿ ಆಗುತ್ತೆ?

ಮುನಿನಾರಾಯಣಮ್ಮ: ಈವಯ್ಯ ಬಾಯಿ ಬಿಟ್ರೆ.

ರಾಧಾಮಣಿ: ಯಾವಾಗ ಕಡಿಮೆ ಆಗುತ್ತೆ?

ಸೊಣ್ಣಪ್ಪ: ನಾನು ಒಲಕ್ಕೆ ಓದಾಗ. ಅದನ್ನೂ ಬರ್ಕೊಳ್ಳಿ.

ವಾಂತಿ ಇದೆಯಾ, ಕಣ್ಣು ಮಂಜಾಗುತ್ತಾ, ಕೈ ಜೋಮು ಹಿಡಿಯುತ್ತಾ ಎಂದು ರಾಧಾಮಣಿ ಕೇಳಿದ್ದಕ್ಕೆಲ್ಲ ಇಲ್ಲ ಎಂಬ ಉತ್ತರ ಬಂತು. ಅವಳು ಕೈ ತೊಳೆಯಲು ಎದ್ದಾಗ ಸೊಣ್ಣಪ್ಪ ಹಿಂದೆಯೇ ಹೋಗಿ ದನಿ ತಗ್ಗಿಸಿದ.

ಸೊಣ್ಣಪ್ಪ: ಮೇಡಮ್, ದಿಟ ಏಳಿ. ಒಳಗೆ ಗೆಡ್ಡೆ ಗಿಡ್ಡೆ ಏನಾದ್ರೂ...

ಮುನಿನಾರಾಯಣಮ್ಮ: ಗೆಡ್ಡೆ ಮನೇಲೇ ಐತೆ! ಮೊನ್ನೆ ತಾನೇ ಸಂತೇಲಿ ತಂದಿದ್ದೀನಿ. ಇಲ್ ಬಂದೂ ಆಲೂಗೆಡ್ಡೆ ಪಲ್ಯದ ಯೋಚ್ನೆನಾ?

ಸೊಣ್ಣಪ್ಪ: ಆಲೂಗೆಡ್ಡೆ ಅಲ್ಲ ಕಣೇ! ಮಿದುಳಲ್ಲಿ ಬೆಳೆಯೋ ಗೆಡ್ಡೆ! ನೀನು ಕೊಟ್ಟಿಗೇಲಿ ಬಿದ್ದಾಗಿಂದ ನನ್ಗೆ ನಿದ್ದೆ ಐತಾ ಅಂದ್ಕೊಂಡಿದ್ದೀಯಾ?

ಮುನಿನಾರಾಯಣಮ್ಮ ಪಕ್ಕದ ಕುರ್ಚಿಯನ್ನು ಗಂಡನತ್ತ ಸರಿಸಿದಳು. ಜಗಳದ ನಡುವೆ ಅವಳು ಉಪಚಾರ ಮಾಡಿದ್ದು ಕಂಡು ಸೊಣ್ಣಪ್ಪನಿಗೆ ಇನ್ನೂ ಗಾಬರಿಯಾಯಿತು.

ರಾಧಾಮಣಿ: ಆಸ್ಪತ್ರೆಯಲ್ಲಿ ನೋಡಿದ್ದಾರೆ. ಅಂಥ ಲಕ್ಷಣ ಏನೂ ಕಾಣ್ತಿಲ್ಲ. ಬನ್ನಿ ಅಮ್ಮಾ, ಕತ್ತು ತಿರುಗಿಸಿ.

ಕತ್ತು ಒಂದು ಕಡೆಗೆ ಸಲೀಸಾಗಿ ತಿರುಗಿತು. ಇನ್ನೊಂದು ಕಡೆಗೆ ಅರ್ಧಕ್ಕೇ ತುಕ್ಕು ಹಿಡಿದ ಬಾಗಿಲಿನಂತೆ ನಿಂತಿತು. ರಾಧಾಮಣಿ ತಲೆಬುರುಡೆಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತಿದಳು.

ಮುನಿನಾರಾಯಣಮ್ಮ: ಅಯ್ಯಯ್ಯಪ್ಪಾ! ಅದೇ! ಕಣ್ಣಿನ ಮೇಲೆ ಬತ್ತದಲ್ಲ, ಅದೇ ನೋವು!

ಸೊಣ್ಣಪ್ಪ: ಇದೇನ್ ಮೇಡಮ್, ಸ್ವಿಚ್ಚು ಇಲ್ಲಿ, ಲೈಟು ಅಲ್ಲಿ?

ರಾಧಾಮಣಿ: ಕತ್ತಿನ ಮೇಲ್ಭಾಗದ ನರ, ಹಣೆ ಕಣ್ಣಿನ ನರ, ಎರಡೂ ಸುದ್ದಿ ತರೋದು ಒಂದೇ ಜಾಗಕ್ಕೆ. ಯಾವ ಕಡೆಯಿಂದ ಬಂತು ಅಂತ ಮಿದುಳಿಗೆ ಗೊಂದಲ ಆಗುತ್ತೆ.

ಸೊಣ್ಣಪ್ಪ: ಓ, ನಮ್ ಬಂಗಾರಪೇಟೆ ಸ್ಟೇಷನ್ನು! ಕೋಲಾರದ ಗಾಡಿ ಬಂತಾ, ಮಾರಿಕುಪ್ಪಮ್ ಗಾಡಿ ಬಂತಾ, ಮೈಕಲ್ಲಿ ಕೂಗೋದು ಯಾರ್ಗೂ ತಿಳಿಯಲ್ಲ.

ರಾಧಾಮಣಿ: ಹಾಗೇ ಅಂದ್ಕೊಳ್ಳಿ. ಎಲ್ಲ ತಲೆನೋವೂ ಹೀಗಲ್ಲ, ನಿಮ್ಮದು ಹೀಗೆ. ಅಮ್ಮಾ, ಹೇಗೆ ಮಲಗ್ತೀರಾ?

ಗಂಡ ಹೆಂಡತಿ ಇಬ್ಬರೂ ಫ್ಯಾನು ನೋಡತೊಡಗಿದರು.

ರಾಧಾಮಣಿ: ಅಮ್ಮಾ?

ಮುನಿನಾರಾಯಣಮ್ಮ: ಬೋರಲು. ಮುಖ ಗೋಡೆ ಕಡೆ.

ರಾಧಾಮಣಿ: ಒಂದೇ ಕಡೆನಾ? ರಾತ್ರಿಯೆಲ್ಲಾ? ಯಾವಾಗಿಂದ?

ಮುನಿನಾರಾಯಣಮ್ಮ: ಯುಗಾದಿಯಿಂದ.

ರಾಧಾಮಣಿ: ತಲೆನೋವು ಶುರು ಆಗಿದ್ದು?

ಸೊಣ್ಣಪ್ಪ: ಯುಗಾದಿ ಆಗಿ ಸ್ವಲ್ಪ ದಿನಕ್ಕೆ... ಲೇ! ಮುನಿಸ್ಕೊಂಡು ಮುನಿಸ್ಕೊಂಡು ತಲೆನೋವು ತಂದ್ಕೊಂಡ್ಯಾ?

ಮುನಿನಾರಾಯಣಮ್ಮ: ಮುನಿಸು ತರ್ಸಿದ್ದು ಯಾರು? ಕೇಳಿ ಡಾಕ್ಟರಮ್ಮ. ಅಬ್ಬದ ದಿನ ಇವರಕ್ಕ ಅಮ್ಮಾಜಮ್ಮನ ಮನೇಲಿ, ಅಷ್ಟು ನೆಂಟ್ರ ಮುಂದೆ, “ಅಕ್ಕಾ, ನಿನ್ ಒಬ್ಬಟ್ಟು ಬಾಯಲ್ಲಿಟ್ರೆ ಕರಗ್ತದೆ” ಅಂದ. ಬೆಳಿಗ್ಗೆಯಿಂದ ಮನೇಲಿ ನಾನು ಒಬ್ಬಟ್ಟು ಸುಟ್ಟು ಸುಟ್ಟು ಆಕಿದ್ದೆ. ಒಂದ್ ಮಾತು? ಒಂದೇ ಒಂದ್ ಮಾತು ಅಂದ್ನಾ?

ಸೊಣ್ಣಪ್ಪ: ಅಕ್ಕನ ಮನೇಲಿ ಒಂದು ತಿಂದೆ, ಒಗಳ್ದೆ. ನಿಂದು ತಟ್ಟೆ ಕಾಲಿ ಆಗೋ ತನ್ಕ ತಿಂತಾನೇ ಇದ್ದೆ. ಒಗಳೋಕೆ ಬಾಯಿ ಬಿಡುವಾಗಿತ್ತಾ?

ಮುನಿನಾರಾಯಣಮ್ಮ ಗಂಡನನ್ನು ದಿಟ್ಟಿಸಿ ನೋಡಿದಳು. ತಟ್ಟೆ ಖಾಲಿಯಾದದ್ದು ಅವಳಿಗೂ ನೆನಪಿತ್ತು. ತುಟಿ ಬಿಗಿಹಿಡಿದಳು, ಆಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟಳು. ಹೊರಗೆ ಸರದಿಗೆ ಕೂತಿದ್ದವರೂ ನಕ್ಕರು.

ಮುನಿನಾರಾಯಣಮ್ಮ: ನಗ್ಸಬೇಡಯ್ಯಾ! ಕತ್ತು ಇಡ್ಕೊಂತದೆ!

ಆಮೇಲೆ ರಾಧಾಮಣಿ ಅವಳನ್ನು ಮಲಗಿಸಿ ಕತ್ತಿನ ಗಂಟುಗಳನ್ನು ಸಾವಕಾಶವಾಗಿ ಸಡಿಲಿಸಿದಳು. ಬಿಗಿದ ಹಗ್ಗ ಕಳಚಿದ ಹಾಗಾಯಿತೆಂದು ಮುನಿನಾರಾಯಣಮ್ಮ ಕಣ್ಣು ಮುಚ್ಚಿ ಉಸಿರುಬಿಟ್ಟಳು.

ರಾಧಾಮಣಿ: ಇನ್ನು ಬೋರಲು ಮಲಗಬೇಡಿ. ಅಂಗಾತ ಮಲಗಿ, ಇಲ್ಲ ಮಗ್ಗುಲಾಗಿ, ಕತ್ತಿಗೆ ಆಸರೆ ಕೊಡೋ ಹಾಗೆ ಒಂದು ದಿಂಬು. ಹಾಲು ಕರೆಯೋವಾಗ ತಲೆ ಹಸು ಹೊಟ್ಟೆಗೆ ಒತ್ತಿ ಕತ್ತು ತಿರುಚಬೇಡಿ. ನೋವಿನ ಮಾತ್ರೆ ದಿನಾ ನುಂಗ್ತೀರಾ?

ಮುನಿನಾರಾಯಣಮ್ಮ: ಕಾಫಿ ಜೊತೆ.

ರಾಧಾಮಣಿ: ದಿನಾ ನುಂಗಿದ್ರೆ ಅದರಿಂದಲೇ ತಲೆನೋವು ಬರಬಹುದು. ಡಾಕ್ಟರನ್ನ ಕೇಳಿ ಕಡಿಮೆ ಮಾಡಿ. ಈಗ ವ್ಯಾಯಾಮ. ಗಲ್ಲ ನೇರವಾಗಿ ಹಿಂದಕ್ಕೆ ಎಳ್ಕೊಳ್ಳಿ. ತಲೆ ಬಗ್ಗಿಸಬಾರದು.

ಸೊಣ್ಣಪ್ಪ: ಆ ಭಯ ಬೇಡ ಮೇಡಮ್. ಮದುವೆ ಆದಾಗಿಂದ ಬಗ್ಸಿಲ್ಲ.

ಮುನಿನಾರಾಯಣಮ್ಮ ಗಲ್ಲ ಹಿಂದಕ್ಕೆ ಎಳೆದುಕೊಂಡಳು. ಪಕ್ಕದಲ್ಲಿ ಸೊಣ್ಣಪ್ಪನೂ ಎಳೆದುಕೊಂಡ. ಊರಿಗೆ ಹೋಗುವ ಬಸ್ಸಿನಲ್ಲೂ ಇಬ್ಬರೂ ಅಕ್ಕಪಕ್ಕ ಕೂತು ಎಳೆದುಕೊಳ್ಳುತ್ತಿದ್ದರೆ, ಎದುರಿಗೆ ಕೂತವಳೊಬ್ಬಳು ತನ್ನನ್ನು ಅಣಕಿಸುತ್ತಿದ್ದಾರೆಂದು ಸೀಟು ಬದಲಾಯಿಸಿದಳು.

ಹೇಳಿದ ದಿನಗಳಿಗೆಲ್ಲ ಮುನಿನಾರಾಯಣಮ್ಮ ತಪ್ಪದೆ ಬಂದಳು. ಆಷಾಢ ಮುಗಿಯುವ ಹೊತ್ತಿಗೆ ಕತ್ತು ಎರಡೂ ಕಡೆ ತಿರುಗುತ್ತಿತ್ತು, ಮಾತ್ರೆ ನಿಂತಿತ್ತು, ಎಂದಾದರೊಮ್ಮೆ ತಲೆ ನೊಂದರೂ ವ್ಯಾಯಾಮ ಮಾಡಿದರೆ ಇಳಿಯುತ್ತಿತ್ತು. ಕೊನೆಯ ಸಲ ಇಬ್ಬರೂ ಬಂದರು. ಸೊಣ್ಣಪ್ಪನ ಮುಖ ಮಾತ್ರ ಬಾಡಿತ್ತು, ತಲೆಗೂದಲಲ್ಲಿ ಒಂದು ಹುಲ್ಲುಕಡ್ಡಿ ಸಿಕ್ಕಿಕೊಂಡಿತ್ತು.

ರಾಧಾಮಣಿ: ತುಂಬಾ ಸುಧಾರಿಸಿದೆ ಅಮ್ಮಾ! ಇನ್ನು ಯುಗಾದಿ ಜಗಳ ಎಲ್ಲಾ ಮುಗೀತಲ್ಲ?

ಮುನಿನಾರಾಯಣಮ್ಮ: ಅದು ಮುಗೀತು ಕಣಮ್ಮ. ಮೊನ್ನೆ ಒಸ್ದು ಶುರು ಆಯ್ತು. ನನ್ ತಂಗಿ ಮಾಡಿದ ಸಾರು ಒಗಳ್ದ.

ರಾಧಾಮಣಿ: ಅಯ್ಯೋ! ಮತ್ತೆ ಗೋಡೆ ಕಡೆ ತಿರುಗಿ ಬೋರಲು ಮಲಗಿದ್ರಾ?

ಮುನಿನಾರಾಯಣಮ್ಮ: ನೀವು ಬ್ಯಾಡ ಅಂದ್ಮೇಲೆ ಮಲಗ್ತೀನಾ? ನಾನು ಅಂಗಾತ, ಒಂದೇ ದಿಂಬು, ನೆಟ್ಟಗೆ ಮಲ್ಕೊಂಡಿದ್ದೀನಿ. ಈವಯ್ಯನ್ನ ತಕ್ಕೊಂಡೋಗಿ ಕೊಟ್ಟಿಗೇಲಿ ಮಲಗ್ಸಿದ್ದೀನಿ.