ಹುಲಿ, ಕುರಿ ಮತ್ತು ಬೊರೆಲ್ ಸೆಟ್ಟು

ಗಣಿತ ಓದಿದವರ ಸ್ವಭಾವವೇ ಒಂದು ಬಗೆ. ಗೆಲ್ಲುವ ದಾರಿಯೊಂದು ಇದೆ ಎಂದು ಪ್ರೂವ್ ಮಾಡಿಬಿಟ್ಟರೆ ನಮಗೆ ಹೊಟ್ಟೆ ತುಂಬ ಉಂಡಷ್ಟು ಸಮಾಧಾನ. ಆ ದಾರಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಸಿಟ್ಟು ಬರುತ್ತದೆ. ನಾನಂತೂ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಬೆಳೆದವಳು. ಜಗಳವನ್ನೂ ‘ಎಕ್ಸ್‌ಕ್ಯೂಸ್ ಮಿ’ ಎಂದೇ ಶುರುಮಾಡುತ್ತಿದ್ದೆ. ಮದುವೆಯಾಗಿ ತೂಬಗೆರೆ ಕಡೆಯ ರೈತರ ಮನೆಗೆ ಬಂದ ಮೇಲೂ ಓದು ಬಿಟ್ಟಿರಲಿಲ್ಲ. ಅಂಗಳದಲ್ಲಿ ರಾಗಿ ಒಣಹಾಕಿ, ಪಕ್ಕದಲ್ಲೇ ಬೊರೆಲ್ ಸೆಟ್ಟುಗಳನ್ನು ಹರಡಿಕೊಂಡು ಕೂರುತ್ತಿದ್ದೆ. ಕೋಳಿಗಳು ಎರಡನ್ನೂ ಕೆದರುತ್ತಿದ್ದವು.

ಹೆದರಬೇಡಿ, ಬೊರೆಲ್ ಸೆಟ್ಟು ಅಂಥ ಭಯಂಕರವೇನಲ್ಲ. ಒಂದು ಗೆರೆಯ ಮೇಲೆ ತುಂಡುಗಳನ್ನು ಗುರುತಿಸಿ, ಅವನ್ನು ಕೂಡಿಸಿ, ಹೊರಗುಳಿದದ್ದನ್ನು ಬೇರೆ ತೆಗೆದು, ಮತ್ತೆ ಕೂಡಿಸಿ, ಹೀಗೇ ಕಟ್ಟುತ್ತಾ ಹೋದರೆ ಸಿಗುವ ಗುಂಪುಗಳು, ಅಷ್ಟೆ. ಎಪ್ಪತ್ತರ ದಶಕದ ನಡುವೆ ಇವುಗಳ ಮೇಲೆ ಹೊಸ ಥಿಯರಮ್ ಒಂದು ಬಂದಿತ್ತು. ಇಬ್ಬರು ಸರದಿಯ ಮೇಲೆ ಒಂದೊಂದು ಅಂಕೆ ಹೇಳುತ್ತಾ ಹೋಗಬೇಕು, ಕೊನೆಯೇ ಇಲ್ಲದೆ. ಹಾಗೆ ಹುಟ್ಟುವ ಸಂಖ್ಯೆ ಮೊದಲೇ ಗೊತ್ತುಮಾಡಿದ ಬೊರೆಲ್ ಸೆಟ್ಟಿನೊಳಗೆ ಬಿದ್ದರೆ ಒಬ್ಬರಿಗೆ ಗೆಲುವು, ಹೊರಗೆ ಬಿದ್ದರೆ ಇನ್ನೊಬ್ಬರಿಗೆ. ಇಬ್ಬರಲ್ಲಿ ಒಬ್ಬರಿಗೆ ಸೋಲೇ ಇಲ್ಲದ ದಾರಿ ಇದ್ದೇ ಇರುತ್ತದೆ ಎನ್ನುವುದು ಥಿಯರಮ್. ಅದನ್ನು ವಿವರಿಸಲು ಬೆಂಗಳೂರಿನ ಸೆಮಿನಾರಿಗೆ ನನ್ನನ್ನು ಕರೆದಿದ್ದರು. ಹಿಂದಿನ ದಿನವೇ ಹೊರಟು ತವರಿನಲ್ಲಿ ಉಳಿಯಬೇಕು. ಅದಕ್ಕೆ ಮಾವನವರ ಅಪ್ಪಣೆ ಬೇಕು.

ಮಾವ ಜಗಲಿ ಕಲ್ಲಿನ ಮೇಲೆ ಕೊರೆದ ಹುಲಿ-ಕುರಿ ಆಟದ ಮುಂದೆ ಕೂತಿದ್ದರು. ವಿಷಯ ಕೇಳಿ, “ಓಹೋ, ಆಟದ್ ಓದಾ? ಹಂಗಾದ್ರೆ ಕೂತ್ಕೋಮ್ಮ. ಗೆದ್ರೆ ಹೋಗು, ಸೋತ್ರೆ ಮನೇಲಿರು,” ಎಂದರು. ಮೂರು ಕಲ್ಲಿನ ಹುಲಿಗಳು ಅವರವು, ಹುಣಸೆ ಬೀಜದ ಕುರಿಗಳು ನನ್ನವು. ಹುಲಿಗಳು ಅಲ್ಲಾಡದಂತೆ ಕಟ್ಟಿಹಾಕಿದರೆ ಗೆಲುವು ನನ್ನದು. ಅವು ಕುರಿಗಳನ್ನು ತಿಂದು ಮುಗಿಸಿದರೆ ಅವರದು.

ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಸೆಮಿನಾರೂ ತಪ್ಪಿತು, ಇನ್ನೊಮ್ಮೆ ಯಾರೂ ಕರೆಯುವುದಿಲ್ಲ. ನನ್ನ ಅಂಗೈ ಒದ್ದೆಯಾಗಿ ಕುರಿಗಳು ಬೆರಳಿಗೇ ಅಂಟಿಕೊಳ್ಳುತ್ತಿದ್ದವು. ಇಬ್ಬರಲ್ಲಿ ಒಬ್ಬರಿಗೆ ದಾರಿ ಇದೆಯಲ್ಲ, ಆ ಒಬ್ಬರು ನಾನೋ, ಮಾವನೋ? ಥಿಯರಮ್ ಉಸಿರೆತ್ತಲಿಲ್ಲ. ನಮ್ಮ ಯಜಮಾನರು ಅಲ್ಲೇ ಬಾಗಿಲಲ್ಲಿ ಪೇಪರು ಹಿಡಿದಿದ್ದರು. ಅವರೂ ಉಸಿರೆತ್ತಲಿಲ್ಲ.

ಕುರಿಗಳನ್ನೆಲ್ಲ ಇಟ್ಟಾಯಿತು. ಮಾವ ಒಂದು ಹುಲಿಯನ್ನು ಮುಂದೆ ತಳ್ಳಿದರು. ನಾನು ಕುರಿ ಸರಿಸಿ ದಾರಿ ಮುಚ್ಚಿದೆ. ಅವರು ಹುಲಿಯನ್ನು ಹಿಂದಕ್ಕೆ ತಂದರು. ನಾನೂ ಅದೇ ಕುರಿಯನ್ನು ಹಿಂದಕ್ಕೆ ತಂದೆ, ಏಕೆಂದರೆ ಬೇರೆ ಯಾವುದನ್ನು ಮುಟ್ಟಿದರೂ ಒಂದು ಕುರಿ ಹುಲಿಯ ಬಾಯಿಗೆ. ಮತ್ತೆ ಮುಂದೆ, ಮತ್ತೆ ಹಿಂದೆ.

“ಮಾವ, ಹಿಂಗೇ ಆಡಿದ್ರೆ ಇದು ಮುಗಿಯೋದೇ ಇಲ್ಲ.”

“ನಂಗೇನವಸರ?”

“ಮುಗೀದಿದ್ರೆ ಗೆದ್ದೋರು ಯಾರು?”

“ಬಸ್ ಹೋಗ್ಲಿ, ಆಮೇಲ್ ನೋಡಾನ.”

ಮುಗಿಯದ ಆಟದಲ್ಲಿ ಗೆಲುವು ಯಾರದೆಂದು ಮೊದಲೇ ಗೊತ್ತುಮಾಡಬೇಕು. ಬೊರೆಲ್ ಸೆಟ್ಟು ಇರುವುದೇ ಅದಕ್ಕೆ! ಊರಿಗೆಲ್ಲ ಅದನ್ನು ಹೇಳಲು ಹೊರಟವಳು ಜಗಲಿಯ ಮೇಲೆ ಅದನ್ನೇ ಕೇಳದೆ ಆಟಕ್ಕೆ ಕೂತುಬಿಟ್ಟಿದ್ದೆ. ಅಷ್ಟರಲ್ಲಿ ಕೆರೆ ಏರಿಯ ಮೇಲೆ ಬಸ್ಸಿನ ಹಾರನ್ ಕೇಳಿಸಿತು.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. “ಏನ್ರೀ, ಇವ್ಳು ಸೋತೌಳಾ?”

“ಸೋತಿಲ್ಲ.”

“ಸೋತ್ರೆ ತಾನೆ ಮನೇಲಿರು ಅಂದಿದ್ದು? ಏಳೇ, ನಿನ್ ಕುರಿ ನಾನ್ ಕಾಯ್ತೀನಿ.”

“ಲೇ, ಗೆದ್ದೂ ಇಲ್ಲ ಕಣೇ!”

“ಬಂದ್ ಗೆಲ್ತಾಳೆ. ನೀವ್ ಆಡ್ರಿ ಸುಮ್ನೆ.”

ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

ಮರುದಿನ ಥಿಯರಮ್ ಹೇಳಿ ಮುಗಿಸಿದಾಗ ಹಿರಿಯ ಪ್ರೊಫೆಸರೊಬ್ಬರು “ಬ್ಯೂಟಿಫುಲ್!” ಎಂದರು. ಅದರಲ್ಲಿ ಆಟಗಾರರು ಇಬ್ಬರೇ, ಅತ್ತೆಗೆ ಜಾಗವೇ ಇಲ್ಲ ಎನ್ನುವುದು ಯಾರಿಗೂ ಕೊರತೆಯಾಗಿ ಕಾಣಲಿಲ್ಲ.

ಸಂಜೆ ಮನೆಗೆ ಬಂದರೆ ಅತ್ತೆ ಇನ್ನೂ ಕಲ್ಲಿನ ಮುಂದೆ ಕೂತಿದ್ದರು. “ಒಂದ್ ಕುರೀನೂ ಹೋಗಿಲ್ಲ ನೋಡ್ಕೋ. ನಂಗೆ ಮುದ್ದೆ ತಿರುವಬೇಕು,” ಎಂದು ಎದ್ದರು. ಮಾವ ತಲೆಯೆತ್ತದೆ, “ನಿಂದೇ ಆಟ ಕಣಮ್ಮ,” ಎಂದರು.

ಕೂತೆ. ಮಾವನ ಹುಲಿ ಆಗಲೇ ಮುಂದೆ ಬಂದಿತ್ತು. ಆಗ ಹೊಳೆಯಿತು: ಆಟ ಮುಗಿಯುವವರೆಗೆ ನಾನು ಸೋತಿಲ್ಲ, ಸೋಲುವವರೆಗೆ ಸೆಮಿನಾರುಗಳಿಗೆ ಅಡ್ಡಿಯಿಲ್ಲ. ಅದೇ ಕುರಿಯನ್ನು ಮೆಲ್ಲಗೆ ಸರಿಸಿದೆ. ಮುಗಿಯದಿದ್ದರೆ ಗೆದ್ದವರು ಯಾರು ಎಂದು ಈ ಸಲ ನಾನೂ ಕೇಳಲಿಲ್ಲ.