ಅರವತ್ತನಾಲ್ಕು ಹುಣಸೆಬೀಜಗಳ ಅರ್ಧಾಯು

ಜನವರಿಯ ಎರಡನೇ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ, ಸುಬ್ರಹ್ಮಣ್ಯಪುರದ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು: ನಾನು, ಮೊಮ್ಮಗಳು ಸಿಂಚನ, ಮತ್ತು ಮೊದಲ ಆರು ನಿಮಿಷಗಳ ಮಟ್ಟಿಗೆ ನಮ್ಮ ಯಜಮಾನರು. ಪಾಠ, ವಿಕಿರಣಶೀಲ ವಸ್ತುಗಳ ಅರ್ಧಾಯು. ಪಾಠದ ಹೆಸರು ಕಿವಿಗೆ ಬಿದ್ದೊಡನೆ ಯಜಮಾನರಿಗೆ ಅವರೆಕಾಯಿ ತರಬೇಕೆಂಬುದು ನೆನಪಾಯಿತು. ಮೂರು ದಿನದಿಂದ ನಾನು ಹೇಳುತ್ತಿದ್ದಾಗ ನೆನಪಾಗದ ಅವರೆಕಾಯಿ ಅದು. ಚೀಲ ತೆಗೆದುಕೊಂಡು ಹೊರಟೇಹೋದರು.

ಹೀಗೆ ದಿನ, ಗಂಟೆ, ಹಾಜರಿ ಬರೆದು ಶುರುಮಾಡುವುದು ನನ್ನ ಹಳೆಯ ಚಾಳಿ. ಮೂವತ್ತೊಂದು ವರ್ಷ ಪಿಯುಸಿ ಹೆಣ್ಣುಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳು ನಾನು. ಬೆಲ್ಲು ಹೊಡೆಯುವ ಒಂದು ನಿಮಿಷ ಮೊದಲು ತರಗತಿಯ ಬಾಗಿಲಲ್ಲಿರುತ್ತಿದ್ದೆ. ನಿವೃತ್ತಿಯಾಗಿ ಏಳು ವರ್ಷವಾದರೂ ಬೆಳಿಗ್ಗೆ ಐದಕ್ಕೆ ಏಳುವುದು, ಐದೂ ಇಪ್ಪತ್ತಕ್ಕೆ ಡಿಕಾಕ್ಷನ್ ಇಳಿಸುವುದು, ರಾತ್ರಿ ಮಲಗುವ ಮುಂಚೆ ದಿನದ ಕೆಲಸಗಳನ್ನು ಡೈರಿಯಲ್ಲಿ ಬರೆದು ಪಕ್ಕದಲ್ಲಿ ಗುರುತು ಹಾಕುವುದು ತಪ್ಪಿಲ್ಲ. ಇಷ್ಟು ಶಿಸ್ತು ಯಾರಿಗೆ ಬೇಕಾಗಿದೆ ಎಂದು ಈಚೆಗೆ ನನಗೇ ಅನ್ನಿಸುತ್ತದೆ. ಆದರೆ ಬಿಡುವುದಕ್ಕೂ ಒಂದಷ್ಟು ಶಕ್ತಿ ಬೇಕಲ್ಲ, ಅದು ಉಳಿದಿಲ್ಲ. ಕೀಲಿ ಕೊಟ್ಟ ಗಡಿಯಾರದ ಹಾಗೆ ನಡೆಯುತ್ತಿದ್ದೇನೆ, ಮಂಡಿ ಮಾತ್ರ ಟಿಕ್ ಟಿಕ್ ಎನ್ನುತ್ತದೆ.

ವಿಷಯ ಏನೆಂದರೆ, ಸಿಂಚನ ಎರಡನೇ ಪಿಯುಸಿ. ಓದಿನಲ್ಲಿ ಮಧ್ಯಮ, ಥ್ರೋಬಾಲಿನಲ್ಲಿ ಗಟ್ಟಿಗಿತ್ತಿ. ಕಾಲೇಜಿನ ತಂಡ ಮುಂದಿನ ವಾರ ಹಾಸನಕ್ಕೆ ಪಂದ್ಯಕ್ಕೆ ಹೋಗುತ್ತಿದೆ. ಹೋಗುವವರು ಮನೆಯವರ ಸಹಿ ಹಾಕಿಸಿದ ಒಪ್ಪಿಗೆ ಪತ್ರವನ್ನು ಸೋಮವಾರ ಬೆಳಿಗ್ಗೆ ಕೊಡಬೇಕು. ಅದೇ ಸೋಮವಾರ ಭೌತಶಾಸ್ತ್ರದ ಪೂರ್ವಸಿದ್ಧತಾ ಪರೀಕ್ಷೆ. ಹಿಂದಿನ ಪರೀಕ್ಷೆಯಲ್ಲಿ ಅರ್ಧಾಯುವಿನ ಐದು ಅಂಕದ ಲೆಕ್ಕಕ್ಕೆ ಇವಳಿಗೆ ಸೊನ್ನೆ ಬಂದಿತ್ತು. ನನ್ನ ಮಗಳು ವೀಣಾ ಗಿರಿನಗರದಿಂದ ಮಗಳನ್ನು ತಂದು ನನ್ನ ಮುಂದೆ ಕೂರಿಸಿ, ಆ ಒಪ್ಪಿಗೆ ಪತ್ರವನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. "ಅಮ್ಮಾ, ಇವಳಿಗೆ ಅರ್ಥ ಆಗಿದೆ ಅಂತ ನೀನು ಹೇಳಿದ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಹಾಸನನೂ ಇಲ್ಲ, ಬಾಲೂ ಇಲ್ಲ" ಎಂದು ಹೇಳಿ, ಸಂಜೆ ನಾಲ್ಕಕ್ಕೆ ಬರುತ್ತೇನೆಂದು ಸ್ಕೂಟರ್ ಹತ್ತಿದಳು. ಮೊಮ್ಮಗಳ ಪಂದ್ಯ ನನ್ನ ಒಂದು ಮಾತಿನ ಮೇಲೆ ನಿಂತಿತು. ನಾನು ಸುಳ್ಳು ಹೇಳುವವಳಲ್ಲ ಎಂಬುದು ಇಬ್ಬರಿಗೂ ಗೊತ್ತು. ನನಗೂ ಹಾಗೆಯೇ ಅನ್ನಿಸಿತ್ತು, ಹನ್ನೊಂದು ಗಂಟೆಯವರೆಗೆ.

ನನ್ನ ಪಾಠಕ್ಕೆ ಒಂದು ಕ್ರಮವಿದೆ. ಮೊದಲು ಕೊಟ್ಟಿರುವುದನ್ನು ಬರೆ, ಸೂತ್ರ ಬರೆ, ಬೆಲೆಗಳನ್ನು ಹಾಕು, ಉತ್ತರದ ಕೆಳಗೆ ಸ್ಕೇಲಿನಿಂದ ಎರಡು ಗೆರೆ ಎಳೆ. ಒಂದು ವಸ್ತುವಿನ ಅರ್ಧಾಯು ಎಂಟು ದಿನ. ಇಪ್ಪತ್ತನಾಲ್ಕು ದಿನದ ನಂತರ ಎಷ್ಟು ಉಳಿಯುತ್ತದೆ? ಎಂಟು ದಿನಕ್ಕೆ ಅರ್ಧ, ಹದಿನಾರಕ್ಕೆ ಕಾಲು, ಇಪ್ಪತ್ತನಾಲ್ಕಕ್ಕೆ ಅರೆಕಾಲು. ಸಾವಿರಾರು ಹುಡುಗಿಯರು ಈ ಲೆಕ್ಕ ಮಾಡಿ, ಗೆರೆ ಎಳೆದು, ಮದುವೆಯಾಗಿ ಹೋಗಿದ್ದಾರೆ. ಸಿಂಚನ ಮಾತ್ರ ಹದಿನಾರನೇ ದಿನಕ್ಕೆ ಎಲ್ಲವನ್ನೂ ಮುಗಿಸಿಬಿಟ್ಟಳು. ಎಂಟು ದಿನದಲ್ಲಿ ಅರ್ಧ ಹೋದರೆ ಇನ್ನರ್ಧ ಇನ್ನೆಂಟು ದಿನದಲ್ಲಿ ಹೋಗಬೇಕಲ್ಲ ಎಂಬುದು ಅವಳ ವಾದ. ಉಳಿದದ್ದರಲ್ಲಿ ಅರ್ಧ ಹೋಗುತ್ತದೆ ಎಂದು ನಾಲ್ಕು ಸಲ ಹೇಳಿದೆ. ಐದನೇ ಸಲ ಅವಳು ಪೆನ್ನು ಕೆಳಗಿಟ್ಟು ಕೇಳಿದಳು.

"ಅಜ್ಜಿ, ಅರ್ಧ ಜನ ಹೋದ್ರು ಅಂತ ಉಳಿದಿರೋವ್ರಿಗೆ ಹೇಗೆ ಗೊತ್ತಾಗುತ್ತೆ? ಈಗ ನೀನು ಹೋಗು, ಈಗ ನೀನಿರು ಅಂತ ಯಾರು ಹೇಳ್ತಾರೆ?"

ಈ ಪ್ರಶ್ನೆಯನ್ನು ನನಗೆ ಇದಕ್ಕೆ ಮೊದಲು ಒಬ್ಬಳು ಕೇಳಿದ್ದಳು. ನಾನು ಕೆಲಸಕ್ಕೆ ಸೇರಿದ ಹೊಸತು. ಎರಡನೇ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದ ಎರಡು ಜಡೆಯ ಹುಡುಗಿ. ಅವಳಿಗೆ ನಾನು ಕೊಟ್ಟ ಉತ್ತರ, "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ." ಅವಳು ಕೂತಳು. ಮತ್ತೆ ವರ್ಷವಿಡೀ ಏನನ್ನೂ ಕೇಳಲಿಲ್ಲ. ಆಗ ಅದು ನನಗೆ ಶಿಸ್ತಾಗಿ ಕಂಡಿತ್ತು. ಈಗ ಅದೇ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳುವಷ್ಟು ಜೋರು ಉಳಿದಿಲ್ಲದ್ದರಿಂದ ಎದ್ದು ಕಾಫಿ ಮಾಡಲು ಹೋದೆ.

ಕಾಫಿ ಸೋಸುವಾಗ ಉಪಾಯ ಹೊಳೆಯಿತು. ಒಂದಷ್ಟು ನಾಣ್ಯ ಚಿಮ್ಮಿ, ತಲೆ ಬಿದ್ದದ್ದನ್ನು ಕ್ಷಯಿಸಿತೆಂದು ತೆಗೆಯುತ್ತ ಹೋದರೆ ಪ್ರತಿ ಸಲವೂ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಆದರೆ ಈಗ ಯಾರ ಮನೆಯಲ್ಲಿ ನಾಣ್ಯ ಇರುತ್ತದೆ? ಸೊಪ್ಪು ಕೊಂಡರೂ ಫೋನು ತೋರಿಸುತ್ತೇವೆ. ಆಗ ಪಕ್ಕದ ಮನೆಯ ಜಯಮ್ಮನವರ ಹುಣಸೆಬೀಜ ನೆನಪಾಯಿತು.

ಜಯಮ್ಮನವರು ಇದೇ ಊರಿನ ಹಳಬರು. ನಮ್ಮ ಮನೆ ಇರುವ ಸೈಟು ಒಂದು ಕಾಲಕ್ಕೆ ಅವರ ರಾಗಿ ಹೊಲ. ನಮ್ಮ ಅಡುಗೆಮನೆ ಇರುವ ಕಡೆ ಬೆಳೆ ಚೆನ್ನಾಗಿ ಬರುತ್ತಿತ್ತು, ಮಲಗುವ ಕೋಣೆಯ ಕಡೆ ಬರೀ ಕಲ್ಲು ಎಂದು ವರ್ಷಕ್ಕೊಮ್ಮೆ ಜ್ಞಾಪಿಸುತ್ತಾರೆ. ಈಗ ಮೂರು ಮನೆ ಬಾಡಿಗೆಗೆ ಬಿಟ್ಟು ಮಗನ ಜೊತೆ ಇದ್ದಾರೆ. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಚೌಕಾಬಾರದಲ್ಲಿ ಮಾತ್ರ ಅವರನ್ನು ಸೋಲಿಸಿದವರನ್ನು ನಾನು ಕಂಡಿಲ್ಲ. ದಿನಾ ಸಂಜೆ ನಾಲ್ಕೂವರೆಯಿಂದ ಐದೂಕಾಲಿನವರೆಗೆ ಅವರ ಜಗಲಿಯಲ್ಲಿ ನಾವಿಬ್ಬರೂ ಆಡುತ್ತೇವೆ, ಆರು ವರ್ಷದಿಂದ. ನಾನು ಗೆದ್ದ ದಿನಗಳನ್ನು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಆ ಪೆನ್ನು ಇನ್ನೂ ಹೊಸದಾಗಿಯೇ ಇದೆ.

ಅವರು ಕವಡೆ ಮುಟ್ಟುವುದಿಲ್ಲ. ಹುಣಸೆಬೀಜದ ಒಂದು ಬದಿಯನ್ನು ಕಲ್ಲಿನ ಮೇಲೆ ಉಜ್ಜಿ ಬೆಳ್ಳಗೆ ಮಾಡಿ, ನಾಲ್ಕು ಬೀಜ ಹಾಕುತ್ತಾರೆ. ಎಷ್ಟು ಬಿಳಿ ಮೇಲಾಗಿ ಬಿತ್ತೋ ಅಷ್ಟು ಮನೆ ನಡೆ. ನಾಲ್ಕೂ ಕಂದು ಬಿದ್ದರೆ ಎಂಟು. ನಡೆ ಸರಿಯಾಗಿ ಎದುರಾಳಿಯ ಕಾಯಿ ಇರುವ ಮನೆಗೆ ಬಂದರೆ ಆ ಕಾಯಿ ಹೊರಗೆ. ಪ್ರತಿ ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಬೀದಿಯ ಹೆಂಗಸರಿಗೆಲ್ಲ ಇಂಥ ನಾಲ್ಕು ನಾಲ್ಕು ಬೀಜ ಕಾಗದದಲ್ಲಿ ಕಟ್ಟಿ ಕೊಡುವುದು ಅವರ ಅತ್ತೆ ನಡೆಸಿಕೊಂಡು ಬಂದ ಪದ್ಧತಿ. ಅತ್ತೆಯೂ ಇಲ್ಲ, ಬೀಜ ಕೊಟ್ಟ ಮರ ಇದ್ದ ಕಡೆ ಈಗ ನೀರಿನ ಟ್ಯಾಂಕು ಇದೆ, ಪದ್ಧತಿ ಮಾತ್ರ ಇದೆ. ಹಬ್ಬ ಹತ್ತಿರವಾದ್ದರಿಂದ ಅವರ ಡಬ್ಬಿ ತುಂಬಿರುತ್ತದೆಂದು ಹೋಗಿ ಕೇಳಿದೆ. ಹದಿನಾರು ಮನೆಗೆ ಉಜ್ಜಿಟ್ಟ ಅರವತ್ತನಾಲ್ಕು ಬೀಜ ಎಣಿಸಿ ಕೊಟ್ಟು, ಸಂಜೆಯೊಳಗೆ ನೀವೇ ಪೊಟ್ಟಣ ಕಟ್ಟಿ ಕೊಡಿ ಎಂದರು. ಅರವತ್ತನಾಲ್ಕು ಎಂದೊಡನೆ ನನಗೆ ಹಿಗ್ಗು. ಮೂವತ್ತೆರಡು, ಹದಿನಾರು, ಎಂಟು, ನಾಲ್ಕು, ಎರಡು, ಒಂದು. ಇದಕ್ಕಿಂತ ಅಚ್ಚುಕಟ್ಟಾದ ಸಂಖ್ಯೆ ಭೂಮಿಯ ಮೇಲಿಲ್ಲ.

ಹನ್ನೊಂದಕ್ಕೆ ಜಮಖಾನ ಹಾಸಿ ಕೂತೆವು. ಒಂದು ಎಸೆತವೆಂದರೆ ಒಂದು ಗಂಟೆ ಎಂದು ಗೊತ್ತುಮಾಡಿದೆ. ಬಿಳಿ ಬಿದ್ದದ್ದು ಕ್ಷಯಿಸಿತು, ತೆಗೆದುಬಿಡು, ಕಂದು ಉಳಿಯಿತು. ಸಿಂಚನ ಮೊರದಲ್ಲಿ ಬೀಜ ಕುಲುಕಿ ಎಸೆದಳು. ಎಣಿಸಿದಳು. ಇಪ್ಪತ್ತೆರಡು ಉಳಿದಿತ್ತು.

ನಾನು ಒಂದು ಕ್ಷಣವೂ ಯೋಚಿಸದೆ, ಸುಮಾರು ಮೂವತ್ತೆರಡು ಎಂದು ಬರೆದುಕೋ ಎಂದೆ. ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನಮ್ಮ ಪ್ರಯೋಗಾಲಯಗಳಲ್ಲಿ ಬಂದ ಉತ್ತರ ಬೇರೆ, ಬರಬೇಕಾದ ಉತ್ತರ ಬೇರೆ. ಲೋಲಕ ಹೇಗೆ ಆಡಿದರೂ ರೆಕಾರ್ಡ್ ಪುಸ್ತಕದಲ್ಲಿ ಗುರುತ್ವ ಒಂಬತ್ತೂ ಮುಕ್ಕಾಲರ ಆಸುಪಾಸಿನಲ್ಲೇ ಬರುತ್ತಿತ್ತು. ಹುಡುಗಿಯರು ಹಿಂದಿನಿಂದ ಮುಂದಕ್ಕೆ ಲೆಕ್ಕ ಮಾಡುತ್ತಾರೆಂದು ನನಗೆ ಗೊತ್ತಿತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ನಾನು ಸಹಿ ಹಾಕುತ್ತಿದ್ದೆ. ಸುಳ್ಳು ಹೇಳುವವಳಲ್ಲ ಎಂಬ ನನ್ನ ಹೆಸರಿನ ತಳಪಾಯ ಇದು.

ಸಿಂಚನ ಬರೆಯಲಿಲ್ಲ. "ಇಪ್ಪತ್ತೆರಡಿದೆ ಅಜ್ಜಿ. ಬೇಕಾದ್ರೆ ನೀನೇ ಎಣ್ಸು."

ಎಣಿಸಿದೆ. ಇಪ್ಪತ್ತೆರಡೇ. ನೀನು ಎಸೆದದ್ದು ಸರಿಯಿಲ್ಲ ಎಂದೆ. ಎಸೆಯುವುದರಲ್ಲಿ ಜಿಲ್ಲಾ ಮಟ್ಟಕ್ಕೆ ಆಡಿದ ಹುಡುಗಿಗೆ ಹೇಳುವ ಮಾತಲ್ಲ ಅದು. ಅವಳು ಉಳಿದ ಇಪ್ಪತ್ತೆರಡನ್ನು ಕುಲುಕಿ ಎಸೆದಳು: ಎಂಟು. ಆಮೇಲೆ ಮೂರು. ಆಮೇಲೆ ಒಂದು. ಆ ಒಂದು ಹಟಮಾರಿ ಬೀಜ ಮುಂದಿನ ಎಸೆತದಲ್ಲೂ ಕಂದಾಗಿಯೇ ಕೂತಿತು, ಅದರಾಚಿನದರಲ್ಲಿ ಹೋಯಿತು; ಸಿಂಚನ ಅದರ ಬಿಳಿ ಬದಿಗೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟಳು. ನಾನು ಮೊರ ಕಿತ್ತುಕೊಂಡು ಅರವತ್ತನಾಲ್ಕನ್ನೂ ನಾನೇ ಎಸೆದೆ. ಇಪ್ಪತ್ತು, ಏಳು, ಎರಡು. ಯಜಮಾನರು ಎರಡು ಕೆಜಿ ಅವರೆಕಾಯಿ ಹೊತ್ತು ಬಂದು ನೋಡಿ, ಅರವತ್ತೇಳರ ಹೆಂಗಸು ಜಮಖಾನದ ಮೇಲೆ ಬೀಜ ಹೆಕ್ಕುತ್ತ ಕೂತಿರುವುದರ ಕಾರಣ ಕೇಳದೆ ಒಳಗೆ ಹೋದರು. ನನ್ನ ಸೊಂಟ ಹಿಡಿದುಕೊಂಡಿತ್ತು. ಗಂಟೆ ಹನ್ನೆರಡಾಗಿತ್ತು, ಸಾರಿಗೆ ಬೇಳೆ ಬೆಂದಿರಲಿಲ್ಲ. ಇವಳಿಗೆ ಹಾಸನ ತಪ್ಪಿತು, ತಪ್ಪಿಸಿದವಳು ನಾನು ಎಂದುಕೊಂಡು ಗೋಡೆಗೆ ಒರಗಿದೆ.

ಆಗ ಸಿಂಚನ, ಬರೆದ ಸಂಖ್ಯೆಗಳನ್ನೇ ನೋಡುತ್ತ, ನಿಧಾನವಾಗಿ ಹೇಳಿದಳು. "ಅಜ್ಜಿ, ಅರ್ಧ ಅಲ್ಲ ಇದು. ಪ್ರತಿ ಸಲ ಮೂರನೇ ಒಂದು ಭಾಗ ಉಳೀತಿದೆ. ಜಾಸ್ತಿ ಇದ್ರೆ ಜಾಸ್ತಿ ಹೋಗುತ್ತೆ, ಕಮ್ಮಿ ಇದ್ರೆ ಕಮ್ಮಿ. ಅದಕ್ಕೇ ಒಂದೇ ಸಲ ಮುಗಿಯಲ್ಲ. ಯಾವ ಬೀಜ ಹೋಗುತ್ತೆ ಅಂತ ಬೀಜಕ್ಕೂ ಗೊತ್ತಿಲ್ಲ, ಅಲ್ವಾ? ಹಾಗಾದ್ರೆ ಇದರ ಹಾಫ್ ಲೈಫು ಒಂದು ಗಂಟೆಗಿಂತ ಕಮ್ಮಿ ಇರ್ಬೇಕು."

ನಾನು ಒರಗಿದ್ದವಳು ನೆಟ್ಟಗೆ ಕೂತೆ. ಎರಡರ ಲಾಗ್ ಸೊನ್ನೆ ಬಿಂದು ಮೂರು ಸೊನ್ನೆ ಒಂದು ಸೊನ್ನೆ, ಮೂರರದ್ದು ನಾಲ್ಕು ಏಳು ಏಳು ಒಂದು. ಮಂಡಿ ಬಿಟ್ಟರೂ ಲಾಗ್ ಟೇಬಲ್ ನನ್ನನ್ನು ಬಿಟ್ಟಿಲ್ಲ. ಭಾಗಿಸಿ ನೋಡಿದರೆ ನಮ್ಮ ಹುಣಸೆಬೀಜದ ಅರ್ಧಾಯು ಸುಮಾರು ಮೂವತ್ತೆಂಟು ನಿಮಿಷ. ಸೂತ್ರವನ್ನು ಅವಳೇ ಬರೆದಳು, ಬೆಲೆಗಳನ್ನು ಅವಳೇ ಹಾಕಿದಳು. ನಾನು ಹೇಳಿದ ಹಾಗೆ ಬಿದ್ದಿದ್ದರೆ ಮೂವತ್ತೆರಡು, ಹದಿನಾರು, ಎಂಟು ಎಂದು ಬರೆದು, ಬಾಯಿಪಾಠ ಮಾಡಿ, ಸೋಮವಾರ ಮರೆಯುತ್ತಿದ್ದಳು.

ಅಷ್ಟರಲ್ಲಿ ಜಯಮ್ಮನವರು ಎಳ್ಳು ಹುರಿಯುವ ಬಾಣಲೆ ಕೇಳಲು ಬಂದರು. ಬಾಣಲೆ ಕೈಗೆ ಕೊಡುತ್ತ, ಬೀಜ ಎಲ್ಲ ಬಿಳಿಗೇ ಬೀಳುತ್ತಿವೆಯಲ್ಲ ಎಂದು ನಾನು ದೂರಿದೆ. ಅವರಿಗೆ ಆಶ್ಚರ್ಯವಾಯಿತು, ಬೀಜದ ಬಗ್ಗೆ ಅಲ್ಲ, ನನ್ನ ಬಗ್ಗೆ.

"ಬಿಳೀಗೇ ತಾನೆ ಮೇಡಂ ಬೀಳೋದು. ಉಜ್ಜಿರೋ ಕಡೆ ಹಗುರ, ಬೆನ್ನು ಭಾರ. ಭಾರ ಇರೋದು ನೆಲ ಹಿಡೀತದೆ. ಇಷ್ಟು ವರ್ಷ ಆಡಿದ್ರಿ, ನಿಮ್ಗೆ ಗೊತ್ತಿರ್ಲಿಲ್ವಾ?"

ಆರು ವರ್ಷದ ಸೋಲುಗಳು ನನ್ನ ಕಣ್ಣ ಮುಂದೆ ಸಾಲಾಗಿ ನಿಂತವು. ನನ್ನ ಕಾಯಿಯ ಮುಂದಿನ ಮನೆಯಲ್ಲೇ ಈಕೆ ಯಾವ ಅಂಜಿಕೆಯೂ ಇಲ್ಲದೆ ತನ್ನ ಕಾಯಿ ತಂದು ಕೂರಿಸುತ್ತಿದ್ದುದು ಏಕೆ? ಒಂದು ಬೀಳುವುದು ಅಪರೂಪ. ನನ್ನ ಕಾಯಿಗೆ ಸದಾ ಮೂರು ಮನೆ ಹಿಂದೆ ಹೊಂಚು ಹಾಕುತ್ತಿದ್ದುದು ಏಕೆ? ಮೂರೇ ಹೆಚ್ಚು ಬೀಳುವುದು. ನಾನು ಇದನ್ನೆಲ್ಲ ಅವರ ಅದೃಷ್ಟವೆಂದೂ ನನ್ನ ಗ್ರಹಚಾರವೆಂದೂ ಡೈರಿಯಲ್ಲಿ ಬರೆದಿದ್ದೇನೆ. ನಮ್ಮ ಮೊಮ್ಮಗಳು ಜಮಖಾನದ ಮೇಲೆ ಉರುಳಿ ಉರುಳಿ ನಕ್ಕಳು. ಜಯಮ್ಮನವರು ಪಾಪ, ಬಾಣಲೆಯಿಂದ ಮುಖ ಮರೆಸಿಕೊಂಡರು.

ಮಧ್ಯಾಹ್ನ ಎರಡೂವರೆಗೆ ಹತ್ತು ಅಂಕದ ಪರೀಕ್ಷೆ ಇಟ್ಟೆ. ಹಳೆಯ ಸೊನ್ನೆಯ ಲೆಕ್ಕವೂ ಅದರಲ್ಲಿತ್ತು, ದಿನಗಳು ಅರ್ಧಾಯುವಿನಿಂದ ಪೂರ್ತಿ ಭಾಗವಾಗದ ತಿರುಚು ಲೆಕ್ಕವೂ ಇತ್ತು. ಮೂರಕ್ಕೆ ಕಾಗದ ಕಿತ್ತುಕೊಂಡೆ. ಎರಡೂ ಸರಿ. ಆದರೂ ಒಂದು ಕಡೆ ದಿನ ಎಂದು ಬರೆಯಲು ಮರೆತದ್ದಕ್ಕೆ ಒಂದು, ಗೆರೆ ಸ್ಕೇಲಿಲ್ಲದೆ ಎಳೆದದ್ದಕ್ಕೆ ಒಂದು ಕಳೆದು ಎಂಟು ಕೊಟ್ಟೆ. ನಾಲ್ಕಕ್ಕೆ ವೀಣಾ ಬಂದಾಗ, ಸಹಿ ಹಾಕು ಎಂದೆ. ಅಷ್ಟೇ ಹೇಳಿದ್ದು. ಅವಳು ನನ್ನ ಮುಖ ನೋಡಿ, ಮಗಳ ಮುಖ ನೋಡಿ, ಊಟದ ಮೇಜಿನ ಮೇಲೆಯೇ ಒಪ್ಪಿಗೆ ಪತ್ರವಿಟ್ಟು ಸಹಿ ಹಾಕಿದಳು. ಸಿಂಚನ ನನ್ನ ಕೆನ್ನೆ ಹಿಂಡಿ ಸ್ಕೂಟರ್ ಹತ್ತಿದಳು.

ನಾಲ್ಕೂವರೆಗೆ ಜಯಮ್ಮನವರ ಜಗಲಿಗೆ ಹೋದೆ. ಈ ಸಲ ನನ್ನ ಹತ್ತಿರ ವಿಜ್ಞಾನವಿತ್ತು. ನಾಲ್ಕೂ ಕಂದು ಬಿದ್ದು ಎಂಟು ಬರುವುದು ಎಂಬತ್ತೊಂದರಲ್ಲಿ ಒಂದು ಸಲ ಎಂದು ಬರುವ ದಾರಿಯಲ್ಲೇ ಲೆಕ್ಕ ಹಾಕಿದ್ದೆ. ಆದ್ದರಿಂದ ನನ್ನ ಕೊನೆಯ ಕಾಯಿಯನ್ನು ಅವರ ಕಾಯಿಗೆ ಸರಿಯಾಗಿ ಎಂಟು ಮನೆ ಮುಂದೆ ಬಿಟ್ಟು ನಿಶ್ಚಿಂತೆಯಿಂದ ಕೂತೆ. ಕೆಂಪು ಶಾಯಿಯ ಪೆನ್ನು ಎಲ್ಲಿಟ್ಟಿದ್ದೇನೆಂದು ಯೋಚಿಸುತ್ತಿದ್ದೆ. ಜಯಮ್ಮನವರು ಬೀಜ ಹಾಕಿದರು. ನಾಲ್ಕೂ ಕಂದು.

"ಬೀಳಲ್ಲ ಅಂತ ಯಾವತ್ತೂ ಅನ್ಕೋಬಾರ್ದು ಮೇಡಂ" ಎಂದು ನನ್ನ ಕಾಯಿಯನ್ನು ಮೆಲ್ಲಗೆ ಎತ್ತಿ ನನ್ನ ಅಂಗೈಯಲ್ಲಿಟ್ಟರು.

ಸಂಜೆ ಆರು ಗಂಟೆ ಐದು ನಿಮಿಷ. ಪೊಟ್ಟಣ ಕಟ್ಟಲು ಕೂತೆ. ಹದಿನೈದು ಪೊಟ್ಟಣವಾಯಿತು, ಹದಿನಾರನೆಯದಕ್ಕೆ ಮೂರೇ ಬೀಜ. ಜಮಖಾನ ಕೊಡವಿದೆ, ಸೋಫಾದ ಕೆಳಗೆ ಕೋಲಾಡಿಸಿದೆ. ಸಿಂಚನಳಿಗೆ ಫೋನು ಮಾಡಿದಾಗ ತಿಳಿಯಿತು, ಎಲ್ಲಕ್ಕಿಂತ ಕೊನೆಗೆ ಹೋದ, ಚುಕ್ಕೆಯಿಟ್ಟ ಆ ಹಟಮಾರಿ ಬೀಜವನ್ನು ಅವಳು ಪೆನ್ಸಿಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿದ್ದಾಳೆ; ನಾಳೆಯ ಪರೀಕ್ಷೆಗೂ ಬೇಕಂತೆ, ಹಾಸನಕ್ಕೂ ಬೇಕಂತೆ. ಡೈರಿ ತೆಗೆದೆ. ಪಡೆದ ಬೀಜ ಅರವತ್ತನಾಲ್ಕು ಎಂದು ಬರೆದೆ. ಹಿಂತಿರುಗಿಸಿದ್ದು ಎಂಬಲ್ಲಿ, ಮೂವತ್ತೊಂದು ವರ್ಷದ ಅಭ್ಯಾಸಬಲದಿಂದ, ಕೈ ತಾನಾಗಿ ಆರು ಬರೆದು ಪಕ್ಕದಲ್ಲಿ ನಾಲ್ಕರ ಮೊದಲ ಗೆರೆಯನ್ನೂ ಎಳೆದಿತ್ತು. ಹೊಡೆದುಹಾಕಿದೆ. ಅರವತ್ತಮೂರು ಎಂದು ಬರೆದು, ಗುರುತು ಹಾಕಿ, ಪೊಟ್ಟಣಗಳನ್ನು ಜಯಮ್ಮನವರಿಗೆ ಕೊಟ್ಟು ಬಂದೆ.